ಮನೆ ಮುಂದಿನ ಐದಡಿ

ನಮ್ಮ ಮಾದಿಹಳ್ಳಿ ಕಡೆ ಮಂಜು ಅಂದರೆ ಧನುರ್ಮಾಸದ ಬೆಳಗಿನ ಮಂಜು. ಬಿಸಿಲು ಏರಿದರೆ ತಾನೇ ಕರಗಿ ಹೋಗುತ್ತದೆ, ಬಾಚಿ ಹಾಕುವ ಕಷ್ಟ ಯಾರಿಗೂ ಇಲ್ಲ. ಶಿಕಾಗೊದಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಜನವರಿಯಲ್ಲಿ ವಿಡಿಯೊ ಕಾಲ್ ಮಾಡಿ ತೋರಿಸಿದ್ದು ಬೇರೆಯದೇ ಮಂಜು. ಮೊಣಕಾಲುದ್ದ ಬಿದ್ದಿತ್ತು. ಅವನ ಕೈಯಲ್ಲಿ ಅಗಲ ಬಾಯಿಯ ಸನಿಕೆ. ಊರಲ್ಲಿದ್ದಾಗ ಕೊಟ್ಟಿಗೆಯ ಸಗಣಿ ಬಾಚು ಅಂದರೆ ಹಿತ್ತಲ ಬಾಗಿಲಲ್ಲಿ ಓಡಿಹೋಗುತ್ತಿದ್ದ ಹುಡುಗ!

"ಅಲ್ಲಿ ಆಳು ಸಿಗಲ್ವೇನಪ್ಪಾ?" ಅಂದರು ಚಿಕ್ಕಮ್ಮ.

"ನಮ್ಮನೆ ಮುಂದಿಂದು ನಾವೇ ತೆಗೀಬೇಕು ಕಣಮ್ಮ. ಇಲ್ದಿದ್ರೆ ದಂಡ ಹಾಕ್ತಾರೆ."

ದಂಡ ಅಂದ ಕೂಡಲೇ ವರದಿಗಾರರಾದ ನಮ್ಮ ಕಿವಿ ನೆಟ್ಟಗಾಯಿತು. ಆ ಊರಿನ ಕಾನೂನು ಹುಡುಕಿ ಓದಿದೆವು. ರಸ್ತೆಯ ಹಿಮ ತೆಗೆಯುವುದು ನಗರಸಭೆಯ ಕೆಲಸ. ಅದಕ್ಕೆ ಉಪ್ಪು ಚೆಲ್ಲುವ, ಹಿಮ ತಳ್ಳುವ ಲಾರಿಗಳ ದಂಡೇ ಇದೆ. ಆದರೆ ಮನೆ ಮುಂದಿನ ಕಾಲುದಾರಿ ಮನೆಯವರ ಪಾಲು. ಐದಡಿ ಅಗಲ ದಾರಿ ಬಿಡಿಸಬೇಕು. ಬೆಳಗ್ಗೆ 7ರಿಂದ ಸಂಜೆ 7ರ ಒಳಗೆ ಬಿದ್ದ ಹಿಮವನ್ನು ಅದೇ ರಾತ್ರಿ 10 ಗಂಟೆಗೆ ಮುಂಚೆ ತೆಗೆಯಬೇಕು. ರಾತ್ರಿ ಬಿದ್ದದ್ದಾದರೆ ಮರುದಿನ ಬೆಳಗ್ಗೆ 10ರೊಳಗೆ. ಬಾಚಿದ್ದನ್ನು ರಸ್ತೆಗೆ ತಳ್ಳುವ ಹಾಗಿಲ್ಲ. ತಪ್ಪಿದರೆ ದಿನಕ್ಕೆ 50ರಿಂದ 500 ಡಾಲರ್ ದಂಡ. 50 ಡಾಲರ್ ಅಂದರೇ ನಮ್ಮ ಲೆಕ್ಕದಲ್ಲಿ ನಾಲ್ಕು ಸಾವಿರ ರೂಪಾಯಿಗೂ ಮೇಲೆ.

ಎಲ್ಲ ಊರಲ್ಲೂ ಹೀಗೇ ಅಂತಲ್ಲ. ನ್ಯೂಯಾರ್ಕಿನಲ್ಲಿ ಹಗಲು ಹಿಮ ನಿಂತರೆ ನಾಲ್ಕೇ ಗಂಟೆ ಗಡುವು. ಕೆನಡಾದ ಟೊರೊಂಟೊದಲ್ಲಿ 2021ರಿಂದ ಹೆಚ್ಚುಕಡಿಮೆ ಎಲ್ಲ ಕಾಲುದಾರಿಯನ್ನೂ ನಗರಸಭೆಯೇ ಯಂತ್ರದಿಂದ ತೆಗೆಸುತ್ತಿದೆ. ಯಾರು ಮಾಡಬೇಕು ಅನ್ನುವುದು ಊರೂರಿಗೆ ಬೇರೆ, ಆದರೆ ಯಾರು ಅನ್ನುವುದು ಬರೆದಿಟ್ಟಿರುತ್ತದೆ.

ಜನ ಅಲ್ಲೂ ಜನವೇ ಅನ್ನಿ. ಶಿಕಾಗೊದಲ್ಲಿ ರಸ್ತೆ ಬದಿಯ ಹಿಮ ಅಗೆದು ಕಾರು ನಿಲ್ಲಿಸಲು ಜಾಗ ಮಾಡಿಕೊಂಡವರು ಕಾರು ತೆಗೆದು ಹೋಗುವಾಗ ಅಲ್ಲೊಂದು ಹಳೇ ಕುರ್ಚಿ ಇಟ್ಟು ಹೋಗುತ್ತಾರಂತೆ. ನಮ್ಮವರು ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ.

ನಗರಸಭೆ ತನ್ನ ಪಾಲಿನದು ಮಾಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ಅದೇ ಊರಿನ ಕಥೆ ಇದೆ. 1979ರ ಜನವರಿಯಲ್ಲಿ ಭಾರಿ ಹಿಮ ಬಿತ್ತು. ರಸ್ತೆ, ರೈಲು ಎಲ್ಲ ನಿಂತವು. ಆಗಿನ ಮೇಯರ್ ಮೈಕೆಲ್ ಬಿಲಾಂಡಿಕ್ ಮೇಲೆ ಜನರಿಗೆ ಸಿಟ್ಟು ಬಂತು. ಮರುತಿಂಗಳೇ ಪಕ್ಷದ ಒಳಗಿನ ಚುನಾವಣೆಯಲ್ಲಿ ಅವರು ಜೇನ್ ಬರ್ನ್ ಎಂಬ ಮಹಿಳೆಯ ಎದುರು ಸೋತರು. ಆಕೆ ಆ ಊರಿನ ಮೊದಲ ಮಹಿಳಾ ಮೇಯರ್ ಆದರು. ಹಿಮ ಬಾಚದಿದ್ದಕ್ಕೆ ಕುರ್ಚಿ ಹೋಯಿತು ಅಂತ ಇವತ್ತಿಗೂ ಹೇಳುತ್ತಾರೆ.

ನಮಗೆ ಹಿಮ ಇಲ್ಲ, ಚರಂಡಿ ಇದೆ. ಕಳೆದ ಮುಂಗಾರಿನಲ್ಲಿ ಒಂದು ಊರಿಗೆ ಸುದ್ದಿ ಮಾಡಲು ಹೋಗಿದ್ದೆವು. ಊರಿನ ಹೆಸರು ಬೇಡ, ಓದುವವರಲ್ಲಿ ಅರ್ಧ ಜನಕ್ಕೆ ಅದು ತಮ್ಮೂರೇ ಅನ್ನಿಸಬಹುದು. ಒಬ್ಬ ಅಜ್ಜಿಯ ಮನೆಗೆ ರಾತ್ರಿ ಚರಂಡಿ ನೀರು ನುಗ್ಗಿತ್ತು. ಎರಡು ಮೂಟೆ ರಾಗಿ, ರೇಷನ್ ಅಕ್ಕಿ ನೆಂದು ಹೋಗಿದ್ದವು. ರಾಗಿಯನ್ನು ಅಂಗಳದಲ್ಲಿ ಹರಡಿದ್ದರು, ಬಿಸಿಲು ಮಾತ್ರ ಇರಲಿಲ್ಲ. ನೀರು ಕಟ್ಟಿಕೊಂಡದ್ದು ಆ ಮನೆಯ ಮುಂದಲ್ಲ, ಕೆಳಗಿನ ಮೂರನೇ ಮನೆ ಹತ್ತಿರ. ಅವರು ಬೈಕ್ ಹತ್ತಿಸಲು ಚರಂಡಿ ಮೇಲೆ ಕಾಂಕ್ರೀಟ್ ಹಾಕಿಸಿದ್ದರು. ಕೇಳಿದರೆ "ನಮ್ಮನೆ ಮುಂದಿನ ಜಾಗ, ನಮ್ಮಿಷ್ಟ" ಅಂದರು. ಹಾಗಾದರೆ ಅದರ ಕೆಳಗಿನ ಹೂಳು ಯಾರದು ಅಂದರೆ "ಅದು ಪಂಚಾಯ್ತಿದು" ಅಂದರು.

ಪಂಚಾಯಿತಿಯದು ಹೌದು. 1993ರ ಪಂಚಾಯತ್ ರಾಜ್ ಕಾಯ್ದೆ ಚರಂಡಿಯ ಜವಾಬ್ದಾರಿಯನ್ನು ಗ್ರಾಮ ಪಂಚಾಯಿತಿಗೆ ಕೊಟ್ಟಿದೆ, ಅದಕ್ಕೇ ನಾವು ಮನೆ ಕಂದಾಯ ಕಟ್ಟುವುದು. ಆದರೆ ಮಳೆಗಾಲಕ್ಕೆ ಮುಂಚೆ ಒಂದು ಸಲ ಹೂಳೆತ್ತಿಸಿದರೆ, ಮಾರನೇ ವಾರ ನಾವೇ ಗುಟ್ಕಾ ಪೊಟ್ಟಣ, ಜೋಳದ ರವದಿ, ಕಟ್ಟಡದ ಮರಳು ಎಲ್ಲ ಅದಕ್ಕೇ ಬಿಡುತ್ತೇವೆ. ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವ ಮನೆಯವರಿಗೂ ರಂಗೋಲಿ ಮುಗಿದ ಕಡೆಗೆ ಮನೆಯೂ ಮುಗಿಯುತ್ತದೆ. ಅಲ್ಲಿಂದ ಒಂದು ಮಾರು ಆಚೆ ಚರಂಡಿ.

ಶಿಕಾಗೊದ ಹಾಗೆ ಇಲ್ಲೂ ಮನೆಮನೆಗೆ ದಂಡ ಹಾಕಿಬಿಡಲಿ ಅಂತ ಬರೆಯಬಹುದಿತ್ತು. ಅದು ಅಷ್ಟು ಸಲೀಸಲ್ಲ. ಹಿಮ ಬಿಳಿ, ಡಾಕ್ಟರೂ ಸನಿಕೆ ಹಿಡಿಯುತ್ತಾನೆ, ಡ್ರೈವರೂ ಹಿಡಿಯುತ್ತಾನೆ, ಯಾರಿಗೂ ಮರ್ಯಾದೆ ಹೋಗುವುದಿಲ್ಲ. ನಮ್ಮ ಚರಂಡಿಗೆ ಜಾತಿ ಅಂಟಿಕೊಂಡಿದೆ. ಹೂಳೆತ್ತಬೇಕು ಅಂದ ಕೂಡಲೇ ಊರಿನ ಕಣ್ಣು ಯಾವ ಕೇರಿ ಕಡೆ ತಿರುಗುತ್ತದೆ ಅನ್ನುವುದು ಓದುವ ನಿಮಗೂ ಗೊತ್ತು. ಜೊತೆಗೆ ಕೆಲವು ಮನೆಗಳು ಶೌಚಾಲಯದ ಪೈಪನ್ನೂ ಗುಂಡಿಗೆ ಬಿಡದೆ ಚರಂಡಿಗೇ ಬಿಟ್ಟಿವೆ. ಅಂಥ ಚರಂಡಿಯನ್ನು ಕೈಯಿಂದ ಬಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಕೂಲಿ ಜಾಸ್ತಿ ಕೊಟ್ಟೆವು, ಅವರೇ ಒಪ್ಪಿದರು ಅನ್ನುವ ಮಾತು ನಡೆಯುವುದಿಲ್ಲ. ಹಾಗಾಗಿ ಮೊದಲು ಆ ಪೈಪುಗಳು ಚರಂಡಿಯಿಂದ ಆಚೆ ಹೋಗಬೇಕು. ಬಚ್ಚಲ ನೀರಿಗೆ ನರೇಗಾದಲ್ಲಿ ಬಚ್ಚಲು ಗುಂಡಿ ಮಾಡಿಸಿಕೊಂಡವರೂ ನಮ್ಮ ಕಡೆ ಇದ್ದಾರೆ. ಆಮೇಲೆ ಉಳಿಯುವುದು ಮಳೆನೀರು, ಮಣ್ಣು, ಕಸ. ಅದಕ್ಕೆ ಸನಿಕೆ ಹಿಡಿಯಲು ಯಾವ ಮನೆಯವರಿಗೂ ನೆಪ ಇರಬಾರದು ಅನ್ನುವುದು ನಮ್ಮ ಮಾತು.

ಕೈಲಾಗದವರು? ಆ ಅಜ್ಜಿಗೆ ಮಂಡಿ ನೋವು, ಮಗ ಬೆಂಗಳೂರಲ್ಲಿ. ಪಕ್ಕದ ಎರಡು ಮನೆಗೆ ಬೀಗ. ಬೀಗದ ಮನೆಯ ಚರಂಡಿ ಯಾರು ತೆಗೆಯಬೇಕು ಅನ್ನುವುದೇ ಈಗ ಹಳ್ಳಿಗಳ ದೊಡ್ಡ ಪ್ರಶ್ನೆ.

ಈ ವರ್ಷ ಭರಣಿ ಮಳೆಗೆ ಮುಂಚೆ ಆ ಬೀದಿಯವರು ವಾರ್ಡ್ ಸಭೆಯಲ್ಲಿ ಕೂತು ಮಾತಾಡಿದರು. ಶೌಚಾಲಯದ ಪೈಪು ಬಿಟ್ಟಿದ್ದ ಮೂರು ಮನೆಯವರಿಗೆ ಗುಂಡಿ ಮಾಡಿಸಲು ತಿಂಗಳ ಗಡುವು ಕೊಟ್ಟರು. ಮಾಡಿಸಿದರು. ಆಮೇಲೆ ಒಂದು ಭಾನುವಾರ ಮನೆಗೊಬ್ಬರು ಬಂದರು, ಬೂಟು, ಗ್ಲೌಸ್ ಪಂಚಾಯಿತಿಯಿಂದ. ಅಜ್ಜಿಯ ಮನೆ ಮುಂದಿನದನ್ನು ಎದುರು ಮನೆಯ ಡಿಗ್ರಿ ಓದುವ ಹುಡುಗಿ ತೆಗೆದಳು. ಬೀಗದ ಮನೆಗಳಲ್ಲಿ ಒಬ್ಬರು ಬೆಂಗಳೂರಿಂದ ಫೋನ್‌ಪೇ ಮಾಡಿ ಟ್ರ್ಯಾಕ್ಟರ್ ಬಾಡಿಗೆ ಕೊಟ್ಟರು. ಇನ್ನೊಬ್ಬರು ಫೋನ್ ಎತ್ತಲಿಲ್ಲ, ಅವರ ಪಾಲನ್ನು ಬೈದುಕೊಂಡೇ ಉಳಿದವರು ಎತ್ತಿದರು.

ಕಾಂಕ್ರೀಟ್ ಹಾಕಿಸಿದವರು ಮಾತ್ರ ಇನ್ನೂ ಒಡೆಸಿಲ್ಲ. ಪಂಚಾಯಿತಿ ನೋಟಿಸ್ ಕೊಟ್ಟಿದೆ. ಅಜ್ಜಿ ಈ ಸಲ ರಾಗಿ ಮೂಟೆಗಳನ್ನು ಅಟ್ಟದ ಮೇಲೆ ಏರಿಸಿಟ್ಟಿದ್ದಾರೆ.