ಬೇರಿನ ಋಣ

ನವಲಗುಂದ, ಅಣ್ಣಿಗೇರಿಗಳ ಎರೆಹೊಲದಲ್ಲಿ ಹಿಂಗಾರಿಯ ಕಡಲೆಯನ್ನು ಕಂಡವರು ಕಾಯಿಯನ್ನು ಮೆಚ್ಚುವರು. ಬೇರನ್ನು ನೋಡುವವರು ವಿರಳ. ಹೂ ಬಿಡುವ ಕಾಲಕ್ಕೆ ಗಿಡವೊಂದನ್ನು ಮೆಲ್ಲನೆ ಅಗೆದು ತೆಗೆದರೆ ಬೇರಿನಲ್ಲಿ ಸಣ್ಣ ಗಂಟುಗಳು ತೋರುವವು. ಅದು ರೋಗವಲ್ಲ. ಸೀಳಿದ ಗಂಟಿನ ಒಳಗು ನಸುಗೆಂಪಾಗಿದ್ದರೆ, ಅಲ್ಲಿ ರೈಜೋಬಿಯಂ ಜಾತಿಯ ಸೂಕ್ಷ್ಮಜೀವಿಗಳು ಕಾಯಕದಲ್ಲಿ ತೊಡಗಿವೆಯೆಂದು ತಿಳಿಯಬೇಕು. ವಾಯುವಿನಲ್ಲಿ ನೂರಕ್ಕೆ 78 ಪಾಲು ಸಾರಜನಕವಿದ್ದರೂ ಗಿಡವು ಅದನ್ನು ನೇರವಾಗಿ ಉಣ್ಣಲಾರದು. ಈ ಜೀವಿಗಳು ಅದನ್ನು ಗಿಡಕ್ಕೆ ಸಲ್ಲುವ ರೂಪಕ್ಕೆ ತಂದು ಕೊಡುವವು. ಗಿಡವು ಪ್ರತಿಯಾಗಿ ಅವಕ್ಕೆ ಸಕ್ಕರೆಯನ್ನು ಉಣಿಸುವದು.

ಹಾಲಂಡದ ಬೈಯೆರಿಂಕನು ಇವನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದ್ದು 1888ರಲ್ಲಿ. ದ್ವಿದಳ ಧಾನ್ಯದ ತರುವಾಯದ ಬೆಳೆ ಹುಲುಸೆಂಬುದನ್ನು ಒಕ್ಕಲಿಗನು ಅದಕ್ಕೂ ಮುಂಚೆಯೇ ಬಲ್ಲನು. ಇಂದು ಬೀಜಕ್ಕೆ ಬೆಲ್ಲದ ನೀರಿನೊಡನೆ ಈ ಜೀವಿಗಳನ್ನು ಲೇಪಿಸಿ, ನೆರಳಿನಲ್ಲಿ ಆರಿಸಿ ಬಿತ್ತುವರು. ಬಿಸಿಲು ತಾಗಿದರೆ ಅವು ಅಳಿಯುವವು.

ಯೂರಿಯಾ ಅತಿಯಾದಲ್ಲಿ ಗಂಟು ಕಟ್ಟುವದು ಕುಂದುವದು. ಅಯಾಚಿತ ಅನ್ನ ಹೇರಳವಾದಾಗ ಗಿಡವೂ ಹಳೆಯ ಗೆಳೆಯನನ್ನು ಮರೆಯುವದು! ಮನುಷ್ಯನಾದರೂ ಮರೆಯದಿರಲಿ. ಕಡಲೆಯನ್ನು ಬೇರುಸಹಿತ ಕಿತ್ತು ಕಣಕ್ಕೆ ಒಯ್ದರೆ ಭೂಮಿಯ ಪಾಲೂ ಹೋದಂತೆ. ಬುಡಕ್ಕೆ ಕೊಯ್ದು ಬೇರನ್ನು ಮಣ್ಣಿಗೇ ಬಿಟ್ಟರೆ, ಋಣದ ಒಂದಂಶವಾದರೂ ಸಂದೀತು.