ಅಪ್ಪಯ್ಯನ ಉದ್ರಿ ಪುಸ್ತಕ

ನಮ್ಮ ಅಪ್ಪಯ್ಯ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಕುಂದಾಪುರದ ಕಡೆಯ ಹಳ್ಳಿಯಲ್ಲಿ ಹೈಸ್ಕೂಲು ಅರ್ಧಕ್ಕೆ ಬಿಟ್ಟು, ಮದರಾಸಿಗೆ ಬಂದು, ಟ್ರಿಪ್ಲಿಕೇನಿನ ಉಡುಪಿ ಹೋಟೆಲೊಂದರಲ್ಲಿ ಮಾಣಿಯಾಗಿ ಸೇರಿದರು. ಲೋಟ ತೊಳೆದು, ಸಪ್ಲೈ ಮಾಡಿ, ಕೊನೆಗೆ ಗಲ್ಲೆಯ ಮೇಲೆ ಕೂತರು. 1956ರಲ್ಲೇ ದಕ್ಷಿಣ ಕನ್ನಡ ಮದರಾಸು ರಾಜ್ಯ ಬಿಟ್ಟು ಮೈಸೂರಿಗೆ ಸೇರಿತ್ತಾದರೂ ನಮ್ಮೂರ ಹುಡುಗರ ಪಾಲಿಗೆ ಹೊಟ್ಟೆಪಾಡಿನ ದಾರಿ ಇನ್ನೂ ಎರಡೇ: ಬೊಂಬಾಯಿ, ಇಲ್ಲವೇ ಮದರಾಸು. ಹಾಗೆ ಬಂದ ಅಪ್ಪಯ್ಯನಿಗೆ ಹಿಡಿದದ್ದು ಕಾಲೇಜು ಹುಡುಗರ ಆಟದ ಹುಚ್ಚು. ಸಾಯುವವರೆಗೂ ಅದು ಬಿಡಲಿಲ್ಲ.

ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ಕಾಫಿಗೆ ಜನ ಬರುವ ತನಕ ಹೋಟೆಲಿನವರಿಗೆ ಒಂದಿಷ್ಟು ಬಿಡುವು. ಉಳಿದವರು ಅಟ್ಟದ ಮೇಲೆ ಚಾಪೆ ಹಾಸಿ ಮಲಗಿದರೆ ಅಪ್ಪಯ್ಯ ಅಂಗಿ ಬದಲಿಸಿ ಸಮುದ್ರದ ಕಡೆ ನಡೆಯುತ್ತಿದ್ದರಂತೆ. 1840ರಲ್ಲಿ ಶುರುವಾದ ಪ್ರೆಸಿಡೆನ್ಸಿ ಕಾಲೇಜು ಅಲ್ಲೇ ಹತ್ತಿರ, ಚೇಪಾಕ್ ಪಕ್ಕದಲ್ಲೇ. ಮೊದಮೊದಲು ಬಿಸಿಲಲ್ಲಿ ದೂರ ನಿಂತು ನೋಡುವುದು, ಕ್ರಮೇಣ ಹುಡುಗರ ಗುಂಪಿನ ನಡುವೆ ಜಾಗ ಹಿಡಿದು ಕೂಗುವುದು. ಮದರಾಸಿನಲ್ಲಿ ನೀನು ಯಾವ ಊರವ, ಯಾವ ಭಾಷೆಯವ, ಎಷ್ಟು ಓದಿದವ ಎಂದು ಯಾರೂ ಕೇಳದ ಮೊದಲ ಜಾಗ ಅದು ಎಂದು ಅವರೇ ಹೇಳುತ್ತಿದ್ದರು. ಅಲ್ಲಿ ಕೂತವರಿಗೆ ಬೇಕಾದದ್ದು ಸ್ಕೋರು ಮಾತ್ರ. ಅಪ್ಪಯ್ಯ ತಮಿಳು ಕಲಿತದ್ದೂ ಅಲ್ಲೇ.

ನಾನು ಹುಟ್ಟಿ ಓಡಾಡುವ ಹೊತ್ತಿಗೆ ಅವರ ವಾರದ ರಜೆಯೆಲ್ಲ ಆಟಕ್ಕೇ ಮೀಸಲಾಗಿತ್ತು. ಬೀಚ್‌ನಿಂದ ತಾಂಬರಂಗೆ ಹೋಗುವ ಮೀಟರ್ ಗೇಜ್ ಎಲೆಕ್ಟ್ರಿಕ್ ರೈಲು ಹಿಡಿದರೆ ಆಟದ ಮೈದಾನಗಳೆಲ್ಲ ಒಂದೊಂದಾಗಿ ಸಿಗುತ್ತಿದ್ದವು. ನುಂಗಂಬಾಕ್ಕಂನಲ್ಲಿ ಇಳಿದರೆ ಲೊಯೋಲಾ ಕಾಲೇಜು. ಸೈದಾಪೇಟೆಯಲ್ಲಿ ಇಳಿದು ನಡೆದರೆ ನಂದನಂನ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದವರು ಕಟ್ಟಿದ್ದು. ಕೊನೆಯ ತಾಂಬರಂನಲ್ಲಿ ಇಳಿದರೆ 1937ರಿಂದ ಅಲ್ಲಿ ಮರಗಳ ನಡುವೆ ನೆಲೆಸಿರುವ ಕ್ರಿಶ್ಚಿಯನ್ ಕಾಲೇಜು. ಹಾಕಿ, ಫುಟ್‌ಬಾಲ್, ಓಟ, ಯಾವುದಾದರೂ ಸರಿ, ಅಪ್ಪಯ್ಯ ನೋಡುತ್ತಿದ್ದರು.

ಲೊಯೋಲಾದ ಬರ್ಟ್ರಮ್ ಟೂರ್ನಮೆಂಟ್ ಅಂದರೆ ಅವರಿಗೆ ಹಬ್ಬ. ಕಾಲೇಜಿನವರಿಗಷ್ಟೇ ಇದ್ದ ಆ ಟೂರ್ನಮೆಂಟಿನಲ್ಲಿ ಇನ್ನೂ ಶಾಲೆಯ ಹುಡುಗನಾಗಿದ್ದ ರಾಮನಾಥನ್ ಕೃಷ್ಣನ್ ಪ್ರಿನ್ಸಿಪಾಲರ ವಿಶೇಷ ಅನುಮತಿ ಪಡೆದು ಟೆನಿಸ್ ಆಡಿ ಗೆದ್ದ ಕಥೆಯನ್ನು, ತಾನೇ ಕಂಡಂತೆ ವರ್ಣಿಸುತ್ತಿದ್ದರು. ಕೃಷ್ಣನ್ 1960 ಮತ್ತು 1961ರಲ್ಲಿ ವಿಂಬಲ್ಡನ್ ಸೆಮಿಫೈನಲ್ ತಲುಪಿದವರು. ಅಪ್ಪಯ್ಯ ನಿಜಕ್ಕೂ ಕಣ್ಣಾರೆ ಕಂಡದ್ದು ವೆಂಕಟರಾಘವನ್‌ರನ್ನು. ಗಿಂಡಿ ಎಂಜಿನಿಯರಿಂಗ್ ಕಾಲೇಜಿನ ಹುಡುಗ 1965ರಲ್ಲಿ ಇದೇ ಊರಿನಲ್ಲಿ ನ್ಯೂಜಿಲೆಂಡ್ ಎದುರು ಟೆಸ್ಟ್ ಆಡಿ, ಅದೇ ಸರಣಿಯ ದೆಹಲಿ ಟೆಸ್ಟಿನಲ್ಲಿ 72 ರನ್ನಿಗೆ ಎಂಟು ವಿಕೆಟ್ ಕಿತ್ತಾಗ ಅಪ್ಪಯ್ಯ ಗಿರಾಕಿಗಳಿಗೆಲ್ಲ ಪೇಪರು ತೋರಿಸಿದರಂತೆ. ಅದೇ ಗಿಂಡಿಯ ಶ್ರೀಕಾಂತ್ 1983ರ ವಿಶ್ವಕಪ್ ಫೈನಲ್‌ನಲ್ಲಿ ಎರಡೂ ತಂಡ ಸೇರಿ ಎಲ್ಲರಿಗಿಂತ ಹೆಚ್ಚು, 38 ರನ್ ಹೊಡೆದಾಗ ನಾನೂ ಅಪ್ಪಯ್ಯನ ಜೊತೆಗಿದ್ದೆ. ಲೊಯೋಲಾದಲ್ಲಿ ಓದಿದ ವಾಸುದೇವನ್ ಭಾಸ್ಕರನ್ 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಹಾಕಿ ಚಿನ್ನ ಗೆದ್ದ ತಂಡದ ನಾಯಕ ಎಂಬುದು ಅವರಿಗೆ ಸ್ವಂತ ಮನೆಯ ಹೆಮ್ಮೆ.

ಆದರೆ ಅಪ್ಪಯ್ಯ ಹೋದ ಮೇಲೆ ಅವರ ಟ್ರಂಕಿನಲ್ಲಿ ಸಿಕ್ಕ ಹಳೆಯ ಉದ್ರಿ ಪುಸ್ತಕದಲ್ಲಿ ಇಂಥ ದೊಡ್ಡ ಹೆಸರುಗಳು ಕಡಿಮೆ. ಉದ್ದನೆಯ, ಕೆಂಪು ಬಟ್ಟೆಯ ರಟ್ಟಿನ ಪುಸ್ತಕ. ಎಡಪುಟದಲ್ಲಿ ಅಪ್ಪಯ್ಯನ ಗುಂಡು ಕನ್ನಡ ಅಕ್ಷರದಲ್ಲಿ ವಿಕ್ಟೋರಿಯಾ ಹಾಸ್ಟೆಲ್ ಹುಡುಗರ ಬಾಕಿ: ಎರಡು ಇಡ್ಲಿ, ಒಂದು ಮಸಾಲೆ, ಕಾಫಿ, ಇಷ್ಟು ನಯೇಪೈಸೆ. ಬಲಪುಟದಲ್ಲಿ, ಮೈದಾ ಅಂಟಿನಿಂದ ಅಂಟಿಸಿದ, ಅಂಚು ಕಂದಾದ ಪೇಪರಿನ ಚೂರುಗಳು; ಅಂತರ ಕಾಲೇಜು ಪಂದ್ಯಗಳ ಇರುವೆಯಂಥ ಅಕ್ಷರದ ಸ್ಕೋರು. ಬಾಕಿ ಇರುವ ಹೆಸರೇ ಸ್ಕೋರಿನಲ್ಲೂ ಇದ್ದರೆ ಪೆನ್ಸಿಲಿನಿಂದ ಎರಡಕ್ಕೂ ಒಂದು ಗೆರೆ. ಒಂದು ಕಡೆ ಇಡೀ ತಿಂಗಳ ಬಾಕಿ ಹೊಡೆದುಹಾಕಿ, ಪಕ್ಕದಲ್ಲಿ ‘ಸೆಂಚುರಿ, ನನ್ನ ಲೆಕ್ಕ’ ಎಂದು ಬರೆದಿದ್ದಾರೆ. ಆ ಹಣ ಅವರ ಸಂಬಳದಿಂದ ಹೋಗಿದೆ.

ಆ ಹುಡುಗರಲ್ಲಿ ಹೆಚ್ಚಿನವರು ಮುಂದೆ ಬ್ಯಾಂಕು, ರೈಲ್ವೆ, ಎಲ್‌ಐಸಿ ಎಂದು ಸೇರಿ ಸಂಸಾರಸ್ಥರಾದರು. ಅವರ ಆಟವೆಲ್ಲ ಕಾಲೇಜಿನ ಮೂರು ನಾಲ್ಕು ವರ್ಷದ್ದು. ಆ ಮೂರು ನಾಲ್ಕು ವರ್ಷಕ್ಕೆ ಅಪ್ಪಯ್ಯ ಸಾಕ್ಷಿ. “ದೊಡ್ಡ ಮ್ಯಾಚಿಗೆ ಎಲ್ಲ ಬತ್ರ್. ಈ ಮಕ್ಕಳ ಆಟ ಕಾಂಬುಕೆ ನಾವಾದ್ರೂ ಬರ್ಕಲ್ದಾ ಮಗಾ?” ಎನ್ನುತ್ತಿದ್ದರು.

ಕಾಲೇಜು ಆಟ ನೋಡಲು ಸೇರುತ್ತಿದ್ದ ಆ ಜನಸಂದಣಿ ಮುಂದೆ ಹೇಗೆ ಕರಗಿತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಒಂದು ಕಾಲಕ್ಕೆ ಊರಿನ ಕಲೆ, ವಿಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳೆಲ್ಲ ಮದರಾಸು ವಿಶ್ವವಿದ್ಯಾಲಯದ ಮಕ್ಕಳು. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರು 1942ರಿಂದ 1969ರವರೆಗೆ ಕುಲಪತಿಯಾಗಿದ್ದ ಕಾಲದಲ್ಲಿ ಗಿಂಡಿ ಮತ್ತು ಲೊಯೋಲಾ ಒಂದೇ ಮನೆಯವರು. ದಾಯಾದಿಗಳ ಹಟದಿಂದ ಆಡುತ್ತಿದ್ದರು. 1978ರಲ್ಲಿ ಅಣ್ಣಾ ವಿಶ್ವವಿದ್ಯಾಲಯ ಹುಟ್ಟಿ ಗಿಂಡಿ ಬೇರೆಯಾಯಿತು. 1988ರ ಹೊತ್ತಿಗೆ ವೈದ್ಯಕೀಯ ಕಾಲೇಜುಗಳಿಗೂ ಬೇರೆ ವಿಶ್ವವಿದ್ಯಾಲಯ ಬಂತು. ಸೆಮಿಸ್ಟರ್ ಪದ್ಧತಿ ಬಂದು ವರ್ಷವಿಡೀ ಪರೀಕ್ಷೆಯಾಯಿತು. ಹೊಸ ಎಂಜಿನಿಯರಿಂಗ್ ಕಾಲೇಜುಗಳು ಊರಾಚೆ ಎದ್ದವು. ಸಂಜೆ ಬಸ್ಸು ಹೊರಟರೆ ಮೈದಾನ ಖಾಲಿ. ಒಳ್ಳೆಯ ಆಟಗಾರರನ್ನು ಕಂಪನಿ ತಂಡಗಳು ಎಳೆದುಕೊಂಡವು. ಪೇಪರಿನಲ್ಲಿ ಕಾಲೇಜು ಸ್ಕೋರಿನ ಜಾಗ ಸಣ್ಣದಾಗುತ್ತ ಬಂತು. 2008ರಲ್ಲಿ ಐಪಿಎಲ್ ಶುರುವಾಯಿತು. ಕಾಲೇಜು ಹುಡುಗರು ಗಂಟೆಗಟ್ಟಲೆ ಕೂರುತ್ತಿದ್ದ ಕೆಥೆಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್ ಇನ್ ಬಾಗಿಲು ಹಾಕಿದ್ದೂ ಅದೇ ವರ್ಷ. ಆ ವರ್ಷ ಅಪ್ಪಯ್ಯ ಮಂಕಾದದ್ದನ್ನು ಮನೆಯವರೆಲ್ಲ ಕಂಡಿದ್ದೇವೆ.

ಆಡುವವರು ಈಗಲೂ ಇದ್ದಾರೆ. ಬರ್ಟ್ರಮ್ ಈಗಲೂ ನಡೆಯುತ್ತದೆ, ಮೊದಲಿಯಾರರ ಹೆಸರಿನ ಅಥ್ಲೆಟಿಕ್ ಮೀಟೂ ನಡೆಯುತ್ತದೆ. ಕಡಿಮೆಯಾಗಿರುವುದು ಕೆಲಸ ಬಿಟ್ಟು ಬಂದು ಕೂರುವ ಹೊರಗಿನ ಜನ: ಹೋಟೆಲಿನ ಮಾಣಿ, ಪ್ರೆಸ್ಸಿನ ಕೆಲಸಗಾರ, ಪಿಂಚಣಿದಾರ. ಪರವೂರಿನಿಂದ ಬಂದ ಒಬ್ಬ ಹುಡುಗನಿಗೆ ಈ ಊರು ‘ನಮ್ಮ ಕಾಲೇಜು’ ಎಂದು ಹೇಳಿಕೊಳ್ಳುವ ಹಕ್ಕನ್ನು ಫೀಸಿಲ್ಲದೆ ಕೊಟ್ಟಿತ್ತು. ಇಂದು ಕೆಲಸ ಹುಡುಕಿ ಚೆನ್ನೈಗೆ ಬರುವ ಹುಡುಗನಿಗೆ ಅಂಥ ಹಕ್ಕು ಎಲ್ಲಿ ಸಿಗುತ್ತದೆ ಎಂಬುದೇ ನನ್ನ ಸಂಕಟ. ಚೆನ್ನೈಯಲ್ಲಿರುವ ನಮ್ಮವರಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ನಿಮ್ಮ ಮನೆಯ ಹತ್ತಿರದ ಕಾಲೇಜಿನಲ್ಲಿ ಮ್ಯಾಚಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ. ಹೆಸರು ಗೊತ್ತಿಲ್ಲದ ಹುಡುಗನೊಬ್ಬ ಗೋಲು ಹೊಡೆದಾಗ ಎದ್ದು ನಿಂತು ಚಪ್ಪಾಳೆ ತಟ್ಟಿ. ಅಪ್ಪಯ್ಯ ಬದುಕಿಡೀ ಮಾಡಿದ್ದು ಅಷ್ಟೇ. ಆ ಹುಡುಗರಿಗೆ ಅದು ಕಡಿಮೆಯದಾಗಿರಲಿಲ್ಲ.