ಮೋಟಾರಿಗೆ ಸ್ಟೀರಿಯೋ ಕೊಳ್ಳುವ ವಿಚಾರ

ಮೋಟಾರು ಗಾಡಿಯೊಳಗೆ ಹಾಡು ಕೇಳುವುದನ್ನು ವಿಲಾಸವೆಂದು ಹಳಿಯುವ ಕಾಲವು ಎಂದೋ ಕಳೆಯಿತು. ಅಮೆರಿಕೆಯಲ್ಲಿ 1930ರಲ್ಲಿಯೇ ಮೊಟೊರೋಲಾ ಎಂಬ ಹೆಸರಿನ ಗಾಡಿಯ ರೇಡಿಯೋ ಮಾರಾಟಕ್ಕೆ ಬಂದಿತು. 1986ರಲ್ಲಿ ಬ್ಯೂಕ್ ಗಾಡಿಯೊಂದರಲ್ಲಿ ಬೆರಳು ಮುಟ್ಟಿದರೆ ನಡೆಯುವ ಪರದೆಯೂ ಕಾಣಿಸಿಕೊಂಡಿತು. ಅಂದು ಸಿರಿವಂತರದಾಗಿದ್ದ ಈ ಟಚ್‌ಸ್ಕ್ರೀನು ಇಂದು ಆಳಂದದ ಸಾಧಾರಣ ಗೃಹಸ್ಥನ ಹಳೆಯ ಗಾಡಿಗೂ ದೊರೆಯುತ್ತಿರುವುದು.

ನಮ್ಮ ಮನೆಗೆ ಬಂದುದೂ ಅಂತಹುದೇ ಒಂದು ಹಳೆಯ ಗಾಡಿ. ಆಸ್ಪತ್ರೆಗೆಂದು ಕಲಬುರ್ಗಿ, ಹುಣ್ಣಿಮೆಗೆ ಅಫಜಲಪುರ ತಾಲೂಕಿನ ಗಾಣಗಾಪುರ, ತಂಗಿಯ ಮನೆಗೆಂದು ಜೇವರ್ಗಿ: ನಮ್ಮ ಸಂಚಾರವೆಲ್ಲ ಇಷ್ಟರೊಳಗೆ. “ಕಾಕಾ, ತಗೊಳ್ಳೋದಿದ್ರ ದೊಡ್ಡ ಪರದೆದ್ದೇ ತಗೊಳ್ರಿ” ಎಂದು ಅಣ್ಣನ ಮಗನು ಹಟ ಹಿಡಿದನು. ಅವ್ವನಿಗೆ ಬೇಕಾದುದು ಭಜನೆಯ ಪದಗಳು ಸ್ಪಷ್ಟವಾಗಿ ಕೇಳಿಸುವುದು ಮಾತ್ರ.

ಮೊದಲು ಅಳತೆಯ ಮಾತು. ಡ್ಯಾಶ್‌ಬೋರ್ಡಿನ ಕಿಂಡಿಯು ಜರ್ಮನಿಯ ಮಾನದಂತೆ 180 ಮಿಲಿಮೀಟರು ಅಗಲ, 50 ಎತ್ತರವಿದ್ದರೆ ಸಿಂಗಲ್ ಡಿನ್. ಎತ್ತರವು 100 ಆದರೆ ಡಬಲ್ ಡಿನ್. ಏಳು ಅಂಗುಲದ ಪರದೆಗೆ ಸಾಮಾನ್ಯವಾಗಿ ಡಬಲ್ ಡಿನ್ ಬೇಕು. ಒಂಬತ್ತು ಅಂಗುಲದ್ದಾದರೆ ಆಯಾ ಗಾಡಿಗೆ ತಕ್ಕ ಚೌಕಟ್ಟಿಗೂ ಹಣ ತೆರಬೇಕಾಗುವುದು.

ಆದರೆ ನಮ್ಮ ಸೀಮೆಯಲ್ಲಿ ಅಳತೆಗಿಂತಲೂ ಮುಖ್ಯವಾದುದು ಬಿಸಿಲು. ಉಷ್ಣತೆಯು 40 ಡಿಗ್ರಿ ದಾಟುವ ವೈಶಾಖದ ಮಧ್ಯಾಹ್ನದಲ್ಲಿ, ಅಂಗಡಿಯ ನೆರಳಿನಲ್ಲಿ ಥಳಥಳಿಸಿದ ಪರದೆಯು ಕನ್ನಡಿಯಂತಾಗಿ ನಮ್ಮ ಮುಖವನ್ನೇ ತೋರಿಸೀತು! ಆದುದರಿಂದ ಯಂತ್ರವನ್ನು ಬಾಗಿಲಿಗೆ ತರಿಸಿ, ಬಿಸಿಲಿನಲ್ಲಿ ಓರೆಯಾಗಿ ನೋಡತಕ್ಕದ್ದು. ಅಂಗಡಿಯವನು ಗೊಣಗಿದರೆ ಗೊಣಗಲಿ. ಒತ್ತಿದರೆ ಮಾತ್ರ ನಡೆಯುವ ಹಳೆಯ ಬಗೆಯ ಪರದೆಯನ್ನು ಬಿಟ್ಟು, ಬೆರಳು ಸೋಕಿದೊಡನೆ ನಡೆಯುವ ಕೆಪ್ಯಾಸಿಟಿವ್ ಪರದೆಯನ್ನೇ ಕೇಳಬೇಕು.

ಅದಕ್ಕೂ ಮಿಗಿಲಾದುದು ತಿರುಗಿಸುವ ಗುಂಡಿ. ಎರೆಮಣ್ಣಿನ ಸೀಮೆಯ ರಸ್ತೆಗಳು ಮಳೆಗಾಲ ಕಳೆದ ಮೇಲೆ ಹೇಗಿರುವುವೆಂಬುದನ್ನು ಇಲ್ಲಿಯವರಿಗೆ ಹೇಳಬೇಕಾದುದಿಲ್ಲ. ಕುಲುಕಾಟದಲ್ಲಿ ಬೆರಳು ಪರದೆಯ ಮೇಲೆ ನಿಲ್ಲದು. ಧ್ವನಿ ತಗ್ಗಿಸಹೋದವನ ಕಣ್ಣು ದಾರಿಯನ್ನು ಬಿಟ್ಟು ಪರದೆಯನ್ನು ಹುಡುಕುವುದು. ಅಷ್ಟರೊಳಗೆ ತೊಗರಿಯ ಹೊಲದಿಂದ ಎತ್ತಿನ ಬಂಡಿಯೊಂದು ಅಡ್ಡ ಬಂದರೆ? ಗುಂಡಿಯನ್ನಾದರೆ ಕಣ್ಣು ಮುಚ್ಚಿಯೂ ಕೈ ಕಂಡುಕೊಳ್ಳುವುದು. ಹಿಂದಿನ ಆಸನದಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಹೋಗುವವರು ಎರಡು ಅಂಗುಲ ಪರದೆಯನ್ನು ಬಿಟ್ಟಾದರೂ ಗುಂಡಿಯುಳ್ಳ ಯಂತ್ರವನ್ನು ಕೊಳ್ಳುವುದು ಲೇಸೆಂದು ನಮಗೆ ತೋರುವುದು.

ಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ಪೂರ್ತಿಯಾಗಿ ನಂಬಬಾರದು. ‘ನಾಲ್ಕಕ್ಕೆ 50 ವಾಟ್’ ಎಂದಿರುವುದು ಕ್ಷಣಮಾತ್ರದ ಶಕ್ತಿ. ನಿರಂತರವಾಗಿ ದೊರೆಯುವುದು ಅದರ ಅರ್ಧಕ್ಕಿಂತಲೂ ಕಡಮೆ. ಆರ್‌ಎಂಎಸ್ ಎಂಬ ಅಂಕೆಯನ್ನೇ ಕೇಳಬೇಕು. ಅಗ್ಗದ ಆಂಡ್ರಾಯ್ಡ್ ಯಂತ್ರಗಳಲ್ಲಿ ಜ್ಞಾಪಕಶಕ್ತಿಯು ಒಂದೆರಡು ಜಿಬಿ ಮಾತ್ರವಿದ್ದರೆ ನಕಾಶೆ ತೆರೆಯುವುದರೊಳಗೆ ಊರೇ ಬಂದೀತು. ಅದರ ಬದಲು ಕೈಯಲ್ಲಿರುವ ಫೋನನ್ನೇ ಪರದೆಗೆ ಜೋಡಿಸುವ ಆಂಡ್ರಾಯ್ಡ್ ಆಟೊ ಸೌಕರ್ಯವುಳ್ಳ ಸರಳ ಯಂತ್ರವು ಮೇಲು. ಹಳ್ಳಿಯ ದಾರಿಯಲ್ಲಿ ಸಿಗ್ನಲು ತಪ್ಪುವುದಾದುದರಿಂದ ನಕಾಶೆಯನ್ನು ಮನೆಯಲ್ಲಿಯೇ ಇಳಿಸಿಕೊಂಡಿರಬೇಕು. ರೇಡಿಯೋ ಪ್ರಿಯರು ಮೀಡಿಯಂ ವೇವ್ ಉಂಟೇ ಎಂದೂ ವಿಚಾರಿಸಲಿ. ಅನೇಕ ಅಗ್ಗದ ಯಂತ್ರಗಳಲ್ಲಿ ಎಫ್‌ಎಂ ಮಾತ್ರ ಇರುವುದು. ಎಫ್‌ಎಂ ಅಲೆಗಳು ನಿಲಯದಿಂದ ಬಹುದೂರ ಸಾಗಲಾರವು.

ಕೂಡಿಸುವವನ ಕೈಗೆ ಕತ್ತರಿ ಕೊಡಬಾರದು. ಗಾಡಿಯ ತಂತಿಗಳನ್ನು ಕತ್ತರಿಸದೆ, ಆ ಗಾಡಿಗೆಂದೇ ದೊರೆಯುವ ಕಪ್ಲರಿನಿಂದ ಜೋಡಿಸಬೇಕು. ಹಳದಿ ತಂತಿಗೆ ಸದಾ ವಿದ್ಯುತ್ತು, ಕೆಂಪು ತಂತಿಗೆ ಕೀಲಿ ತಿರುವಿದಾಗ ಮಾತ್ರ. ಎರಡನ್ನೂ ಒಟ್ಟಿಗೆ ಕಟ್ಟಿದರೆ ನಿಂತ ಗಾಡಿಯ ಬ್ಯಾಟರಿಯು ಬರಿದಾಗುವುದು.

ನಾವು ಕೊನೆಗೆ ಏಳು ಅಂಗುಲದ, ಗುಂಡಿಯುಳ್ಳ ಯಂತ್ರವನ್ನೇ ಆರಿಸಿದೆವು. ಉಳಿದ ಹಣದಲ್ಲಿ ಹಿಂದಿನ ಬಾಗಿಲುಗಳಿಗೆ ಎರಡು ಸ್ಪೀಕರು ಹಾಕಿಸಿದೆವು. ಅವ್ವ ಕೂಡುವುದು ಅಲ್ಲಿಯೇ.